ಕೋಡ್ ಬರದಿದ್ದರೂ ಓಪನ್ ಸೋರ್ಸ್ ಸಂಗೀತಕ್ಕೆ ಕೈ ಹಚ್ಚಿ: ಕಲಬುರಗಿ ಕಡೆಯವರಿಗೆ ಒಂದು ಮಾರ್ಗದರ್ಶಿ

ಕಂಪ್ಯೂಟರಿನಲ್ಲಿ ತಾಳ ಕಟ್ಟುವ ಯಾವುದಾದರೂ ಉಚಿತ ಸಾಫ್ಟ್‌ವೇರ್ ತೆರೆಯಿರಿ. ರಾಕ್ ಬ್ಯಾಂಡಿನ ಡ್ರಮ್ ಸಿಗುತ್ತದೆ. ಜಾಝ್ ಡ್ರಮ್ ಸಿಗುತ್ತದೆ. ಹಳೆಯ ಎಲೆಕ್ಟ್ರಾನಿಕ್ ಮೆಷೀನುಗಳ ಸದ್ದೂ ಸಿಗುತ್ತದೆ. ಈಗ ಅದರಲ್ಲೇ ಹಲಗಿ ಹುಡುಕಿ, ದಮ್ಮಡಿ ಹುಡುಕಿ, ತತ್ವಪದಕ್ಕೆ ಹಿಡಿಯುವ ಏಕತಾರಿ ಹುಡುಕಿ. ಸಿಗುವುದು ಕಷ್ಟ. ಆ ಸಾಫ್ಟ್‌ವೇರ್ ಬರೆದವರು ಹಲಗಿ ಕೇಳಿದವರಲ್ಲ. ದಿನಾ ಕೇಳುವ ನಾವು ಅದನ್ನು ರೆಕಾರ್ಡ್ ಮಾಡಿ ಅವರಿಗೆ ಕೊಟ್ಟಿಲ್ಲ, ಅಷ್ಟೇ.

ಓಪನ್ ಸೋರ್ಸ್ ಅಂದರೆ ಸುಮ್ನೆ ದುಡ್ಡಿಲ್ಲದೆ ಸಿಗುವ ಸಾಫ್ಟ್‌ವೇರ್ ಅಂತ ಬಹಳ ಜನ ತಿಳಿದಿದ್ದಾರೆ. ಅಷ್ಟೇ ಅಲ್ಲ, ಅದರ ಸೋರ್ಸ್ ಕೋಡ್, ಅಂದರೆ ಸಾಫ್ಟ್‌ವೇರ್ ಬರೆದ ಮೂಲ ಸಾಲುಗಳು, ಎಲ್ಲರ ಮುಂದೆ ತೆರೆದಿರುತ್ತದೆ. ಯಾರಾದರೂ ಓದಬಹುದು, ತಿದ್ದಬಹುದು, ತಿದ್ದಿದ್ದನ್ನು ವಾಪಸ್ ಕೊಡಬಹುದು. ಈ ವಾಪಸ್ ಕೊಡುವ ಕೆಲಸದಲ್ಲಿ ಕೋಡ್ ಒಂದು ಭಾಗ ಮಾತ್ರ. ಸದ್ದು, ಅನುವಾದ, ಪರೀಕ್ಷೆ, ಕೈಪಿಡಿ ಎಲ್ಲವೂ ಬೇಕು. ಕಲಬುರಗಿ, ಬೀದರ್, ಯಾದಗಿರಿಯಲ್ಲಿ ಕೂತವರು ಕೊಡಬಹುದಾದದ್ದು ಇದರಲ್ಲಿ ಬಹಳ ಇದೆ. ಹೇಗೆ ಶುರು ಮಾಡಬೇಕು ಅನ್ನುವುದಕ್ಕೆ ಈ ಬರಹ.

ಮೊದಲು ಒಂದನ್ನು ಹಿಡಿಯಿರಿ, ಅದರಲ್ಲಿ ನಿಜವಾದ ಕೆಲಸ ಮಾಡಿ

ಹತ್ತು ಸಾಫ್ಟ್‌ವೇರ್ ಇಳಿಸಿಕೊಂಡು ಯಾವುದನ್ನೂ ಪೂರ್ತಿ ಕಲಿಯದೆ ಬಿಡುವುದು ಸಾಮಾನ್ಯ. ಹಾಗೆ ಮಾಡಬೇಡಿ. ನಿಮ್ಮ ಕೆಲಸಕ್ಕೆ ತಕ್ಕದ್ದು ಒಂದೇ ಆರಿಸಿ.

ರೆಕಾರ್ಡ್ ಮಾಡಿ ಕತ್ತರಿಸಿ ಜೋಡಿಸಬೇಕಾದರೆ ಆಡಾಸಿಟಿ. ಇದು ಅಮೆರಿಕದ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದಲ್ಲಿ ಶುರುವಾಗಿ 2000ದಲ್ಲಿ ಹೊರಬಂತು. ಹಳೆಯ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ. ಭಜನಾ ತಂಡದ ಪೂರ್ತಿ ಹಾಡನ್ನು ಬೇರೆ ಬೇರೆ ಟ್ರ್ಯಾಕಿನಲ್ಲಿ ಹಿಡಿದು ಮಿಕ್ಸ್ ಮಾಡಬೇಕಾದರೆ ಆರ್ಡೌರ್. ಇದರ ಕೋಡ್ ಉಚಿತ, ಆದರೆ ನೇರವಾಗಿ ಇನ್‌ಸ್ಟಾಲ್ ಮಾಡುವ ತಯಾರಿ ಆವೃತ್ತಿಗೆ ಅವರು ದುಡ್ಡು ಕೇಳುತ್ತಾರೆ. ಕೇಳುವುದು ಸರಿಯಾಗಿಯೇ ಇದೆ, ಆ ದುಡ್ಡಿನಿಂದಲೇ ಕೆಲಸ ನಡೆಯುತ್ತದೆ. ಲಿನಕ್ಸ್ ಇದ್ದವರಿಗೆ ಅದರ ಹೆಚ್ಚಿನ ಡಿಸ್ಟ್ರೋಗಳಲ್ಲಿ (ಉಬುಂಟು ಥರದ ಬಗೆಗಳಲ್ಲಿ) ಹಾಗೆಯೇ ಸಿಗುತ್ತದೆ. ತಾಳ ಕಟ್ಟಲು ಹೈಡ್ರೋಜನ್, ಬೀಟ್ ಮತ್ತು ಸಿಂಥ್‌ಗೆ (ಕಂಪ್ಯೂಟರೇ ಹುಟ್ಟಿಸುವ ವಾದ್ಯದ ಸದ್ದಿಗೆ) ಎಲ್‌ಎಂಎಂಎಸ್, ಸ್ವರಲಿಪಿ ಬರೆಯಲು ಮ್ಯೂಸ್‌ಸ್ಕೋರ್, ಮಕ್ಕಳಿಗೆ ಕೋಡ್ ಬರೆದು ಹಾಡು ಕಟ್ಟುವುದನ್ನು ಕಲಿಸಲು ಸೋನಿಕ್ ಪೈ.

ಯಾವುದೇ ಆಗಲಿ, ಅದರಲ್ಲಿ ಒಂದು ಕೆಲಸ ಮುಗಿಸಿ. ಶ್ರಾವಣದ ಭಜನೆ ರೆಕಾರ್ಡ್ ಮಾಡಿ ಊರವರಿಗೆ ಹಂಚಿ. ಮೊಹರಂ ಪದ ಹಾಡುವ ತಂಡದ ಒಂದು ಪದವನ್ನು, ಅವರನ್ನು ಕೇಳಿ, ಶುದ್ಧ ಮಾಡಿ ಅವರಿಗೇ ಕೊಡಿ. ಕೆಲಸ ಮಾಡುವಾಗ ಎಲ್ಲಿ ತೊಡಕಾಯಿತು, ಯಾವ ಬಟನ್ ಅರ್ಥವಾಗಲಿಲ್ಲ, ಎಲ್ಲಿ ಕನ್ನಡ ಅಕ್ಷರ ಒಡೆಯಿತು ಎಂದು ಒಂದು ನೋಟ್‌ಬುಕ್ಕಿನಲ್ಲಿ ಬರೆದಿಡಿ. ಮುಂದೆ ನೀವು ಕೊಡುವ ಕೊಡುಗೆಯೆಲ್ಲ ಈ ನೋಟ್‌ಬುಕ್ಕಿನಿಂದಲೇ ಹುಟ್ಟುತ್ತದೆ.

ಮನೆಯಲ್ಲೇ ಒಳ್ಳೆಯ ರೆಕಾರ್ಡಿಂಗ್

ದುಬಾರಿ ಮೈಕ್ ಬೇಕು ಅಂತ ಕಾಯಬೇಡಿ. ಫೋನ್ ಸಾಕು, ಆದರೆ ಮೂರು ವಿಷಯ ನೋಡಿಕೊಳ್ಳಿ.

ಒಂದು, ಫೈಲ್. ರೆಕಾರ್ಡರ್ ಆ್ಯಪ್ ವೇವ್ ಫೈಲ್ ಕೊಡಬೇಕು. ಎಂಪಿ3 ಆದರೆ ಸದ್ದಿನ ಒಂದಷ್ಟು ಭಾಗ ರೆಕಾರ್ಡ್ ಆಗುವಾಗಲೇ ಹೋಗಿಬಿಡುತ್ತದೆ, ಮತ್ತೆ ಬರುವುದಿಲ್ಲ. 44,100 ಹರ್ಟ್ಸ್ (ಸೆಕೆಂಡಿಗೆ ಎಷ್ಟು ಸಲ ಸದ್ದನ್ನು ಅಳೆಯುತ್ತದೆ ಅನ್ನುವ ಲೆಕ್ಕ, ಇದೇ ಸ್ಯಾಂಪಲ್ ರೇಟ್), 16 ಬಿಟ್ (ಪ್ರತಿ ಅಳತೆ ಎಷ್ಟು ಸೂಕ್ಷ್ಮ ಅನ್ನುವ ಲೆಕ್ಕ), ಸ್ಟೀರಿಯೋದಲ್ಲಿ ಒಂದು ನಿಮಿಷಕ್ಕೆ ಸುಮಾರು 10 ಎಂಬಿ ಬೇಕು. ಕಳಿಸುವಾಗ ಫ್ಲಾಕ್ ಅನ್ನುವ ಬಗೆಯ ಫೈಲ್ ಮಾಡಿದರೆ ಗಾತ್ರ ಬಹಳಷ್ಟು ಇಳಿಯುತ್ತದೆ, ಸದ್ದು ಒಂದಿಷ್ಟೂ ಕೆಡುವುದಿಲ್ಲ. ವಾಟ್ಸ್‌ಆ್ಯಪ್‌ನಲ್ಲಿ ಆಡಿಯೋ ಆಗಿ ಕಳಿಸಬೇಡಿ. ಡ್ರೈವ್ ಲಿಂಕ್ ಕಳಿಸಿ, ಇಲ್ಲಾಂದ್ರೆ ಡಾಕ್ಯುಮೆಂಟ್ ಆಗಿ ಕಳಿಸಿ. ಫೋನಿನ ಆಟೋ ಗೇನ್ ಬಂದ್ ಮಾಡಲು ಆ್ಯಪ್‌ನಲ್ಲಿ ಅವಕಾಶವಿದ್ದರೆ ಬಂದ್ ಮಾಡಿ. ಅದು ಜೋರಾದ ಪೆಟ್ಟನ್ನು ಒತ್ತಿ, ಮೆಲ್ಲಗಿನದನ್ನು ಎತ್ತಿ, ಎಲ್ಲವನ್ನೂ ಒಂದೇ ಸಮ ಮಾಡಿಬಿಡುತ್ತದೆ.

ಎರಡು, ಕೋಣೆ. ನಮ್ಮ ಕಡೆ ಮನೆಗಳಲ್ಲಿ ಶಹಾಬಾದ್ ಫರ್ಸಿ ಹಾಸಿರುತ್ತಾರೆ. ಹಳೆ ಮನೆಯಾದರೆ ಗೋಡೆಯೂ ಕಲ್ಲಿನದೇ. ಬೇಸಿಗೆಗೆ ತಂಪು, ಆದರೆ ಸದ್ದು ಕಲ್ಲಿಗೆ ಬಡಿದು ವಾಪಸ್ ಬರುತ್ತದೆ. ಹಾಡು ಬಾವಿಯೊಳಗಿನಿಂದ ಬಂದಂತೆ ಕೇಳುತ್ತದೆ. ಮನೆಯಲ್ಲಿರುವ ಕೌದಿಗಳನ್ನು ತೆಗೆಯಿರಿ. ಒಂದನ್ನು ನೆಲಕ್ಕೆ ಹಾಸಿ, ಎರಡನ್ನು ಹಾಡುವವರ ಎದುರು ಮತ್ತು ಹಿಂದೆ ಹಗ್ಗಕ್ಕೆ ನೇತುಹಾಕಿ. ಪದರ ಪದರ ಹೊಲಿದ ದಪ್ಪ ಕೌದಿ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ.

ಮೂರು, ಫ್ಯಾನ್. ಮೇ ತಿಂಗಳಲ್ಲಿ ಫ್ಯಾನ್ ಆರಿಸಿ ಕೂರುವುದು ಅಂದರೆ ಶಿಕ್ಷೆ. ಅದಕ್ಕೇ ರಾತ್ರಿ ಅಥವಾ ಬೆಳಗಿನ ಜಾವ ಇಟ್ಟುಕೊಳ್ಳಿ. ಸಾಧ್ಯವಾದರೆ ಇಂಥ ಕೆಲಸವನ್ನೆಲ್ಲ ನವೆಂಬರ್‌ನಿಂದ ಫೆಬ್ರವರಿಯೊಳಗೆ ಮುಗಿಸಿ. ರೆಕಾರ್ಡಿಂಗ್ ಶುರುವಿನಲ್ಲಿ ಹತ್ತು ಸೆಕೆಂಡ್ ಎಲ್ಲರೂ ಸುಮ್ಮನಿರಿ. ಆ ಖಾಲಿ ಸದ್ದನ್ನು ಆಡಾಸಿಟಿಗೆ ತೋರಿಸಿದರೆ, ಉಳಿದ ಕಡೆ ಅದೇ ಗುಂಯ್ ಸದ್ದನ್ನು ಅದು ಕಡಿಮೆ ಮಾಡುತ್ತದೆ. ಜಾಸ್ತಿ ಮಾಡಿದರೆ ದನಿಯೂ ಕೆಡುತ್ತದೆ, ಸ್ವಲ್ಪದರಲ್ಲೇ ನಿಲ್ಲಿಸಿ.

ಒಂದು ಹಲಗಿ ಕಿಟ್ ಮಾಡೋಣ

ಕೋಡ್ ಬರದವರು ಕೊಡಬಹುದಾದ ದೊಡ್ಡ ಕೊಡುಗೆ ಇದೇ ಎಂದು ನಾನು ನಂಬಿದ್ದೇನೆ. ಹೈಡ್ರೋಜನ್‌ನಲ್ಲಿ ಡ್ರಮ್‌ಕಿಟ್ ಅಂದರೆ ಸಣ್ಣ ಸಣ್ಣ ಆಡಿಯೋ ಫೈಲುಗಳ ಒಂದು ಕಟ್ಟು. ಯಾವ ಸದ್ದು ಯಾವ ಪೆಟ್ಟಿಗೆ ಎಂದು ಅದರಲ್ಲೇ ಬರೆದಿರುತ್ತದೆ. ಅದನ್ನು ಮಾಡಲು ಪ್ರೋಗ್ರಾಮಿಂಗ್ ಬೇಡ.

ಹಲಗಿ ಬಾರಿಸುವವರ ಜೊತೆ ಮೊದಲು ಕೂತು ಮಾತಾಡಿ. ಬಲಗೈ ಕೋಲಿನ ಪೆಟ್ಟು, ಎಡಗೈ ತೆಳು ಕಡ್ಡಿಯ ಪೆಟ್ಟು, ಎರಡೂ ಕೂಡಿದ್ದು, ಅಂಚಿನ ಮೇಲಿನದು. ಹೀಗೆ ನಮಗೆ ನಾಲ್ಕು ಕಾಣಬಹುದು. ಅವರ ಕಿವಿಗೆ ಇನ್ನೂ ಜಾಸ್ತಿ ಇರುತ್ತವೆ. ಪ್ರತಿ ಪೆಟ್ಟಿಗೂ ಅವರು ಏನು ಹೆಸರು ಹೇಳುತ್ತಾರೋ ಅದನ್ನೇ ಫೈಲಿನ ಹೆಸರಾಗಿ ಇಡಿ.

ಹಲಗಿಯನ್ನು ಬೆಂಕಿಗೆ ಕಾಯಿಸಿ ಬಾರಿಸುತ್ತಾರೆ ಅಲ್ವಾ? ಕಾದಾಗ ಚರ್ಮ ಬಿಗಿಯಾಗಿ ಸದ್ದು ಏರುತ್ತದೆ, ಆರಿದಂತೆ ಇಳಿಯುತ್ತದೆ. ಎಲ್ಲ ಪೆಟ್ಟುಗಳೂ ಒಂದೇ ಕಾವಿನಲ್ಲಿ ಬರಬೇಕು. ಇಲ್ಲಾಂದ್ರೆ ಕಿಟ್ ಬಾರಿಸುವಾಗ ಒಂದೊಂದು ಪೆಟ್ಟು ಒಂದೊಂದು ಹಲಗಿಯದು ಅನ್ನಿಸುತ್ತದೆ. ಒಂದು ಬಗೆಯ ಪೆಟ್ಟು ಮುಗಿದ ಕೂಡಲೇ ಮತ್ತೆ ಕಾಯಿಸಲು ಹೇಳಿ, ಆಮೇಲೆ ಮುಂದಿನದು. ಮೊದಲನೆಯ ಪೆಟ್ಟನ್ನು ಕೊನೆಯಲ್ಲಿ ಇನ್ನೊಮ್ಮೆ ಬಾರಿಸಿ ಹೋಲಿಸಿ ನೋಡಿ.

ಪ್ರತಿ ಪೆಟ್ಟನ್ನು ಮೂರು ಬಲದಲ್ಲಿ ಹಿಡಿಯಿರಿ: ಮೆಲ್ಲಗೆ, ಮಧ್ಯಮ, ಜೋರು. ಪ್ರತಿ ಬಲಕ್ಕೂ ನಾಲ್ಕು ಸಲ. ನಾಲ್ಕು ಬಗೆಯ ಪೆಟ್ಟಿದ್ದರೆ 48 ಫೈಲ್ ಆಗುತ್ತವೆ. ಒಂದೇ ಫೈಲ್ ಮತ್ತೆ ಮತ್ತೆ ಬಾರಿಸಿದರೆ ಮಷೀನ್ ಗನ್ ಹಾಗೆ ಕೇಳುತ್ತದೆ, ಅದಕ್ಕೇ ನಾಲ್ಕು ಸಲ. ಪೆಟ್ಟಿನ ಸದ್ದು ಪೂರ್ತಿ ಆರುವವರೆಗೆ ಯಾರೂ ಅಲುಗಾಡಬಾರದು. ಫೋನನ್ನು ಒಂದು ಮೀಟರಿಗಿಂತ ದೂರ ಇಡಿ. ಹಲಗಿಯ ಜೋರು ಪೆಟ್ಟಿಗೆ ಹತ್ತಿರದ ಮೈಕ್ ಒಡೆದ ಸದ್ದು ಕೊಡುತ್ತದೆ. ಆಡಾಸಿಟಿಯ ಮೀಟರಿನಲ್ಲಿ ಅತಿ ಜೋರಿನ ಪೆಟ್ಟು ಮೈನಸ್ 6 ಡೆಸಿಬೆಲ್ ದಾಟದಂತೆ ನೋಡಿಕೊಳ್ಳಿ.

ಆಮೇಲಿನದು ತಾಳ್ಮೆಯ ಕೆಲಸ. ಪ್ರತಿ ಪೆಟ್ಟನ್ನೂ ಸದ್ದು ಶುರುವಾಗುವ ಬಿಂದುವಿಗೆ ಸರಿಯಾಗಿ ಕತ್ತರಿಸಿ. ಮುಂದೆ ಒಂದಿಷ್ಟು ಖಾಲಿ ಉಳಿದರೂ ತಾಳ ಹಿಂದೆ ಬೀಳುತ್ತದೆ. ಹೈಡ್ರೋಜನ್‌ನಲ್ಲಿ ಹೊಸ ಕಿಟ್ ತೆರೆದು ಒಂದೊಂದು ಪೆಟ್ಟಿಗೆ ಒಂದೊಂದು ಇನ್‌ಸ್ಟ್ರುಮೆಂಟ್ ಮಾಡಿ, ಮೂರು ಬಲಗಳನ್ನು ಲೇಯರ್ (ಪದರ) ಆಗಿ ಹಾಕಿ, ಎಕ್ಸ್‌ಪೋರ್ಟ್ ಮಾಡಿ. ಬಾರಿಸಿದವರನ್ನೇ ಕರೆದು ಕೇಳಿಸಿ. ಅವರು "ಇದು ನನ್ನ ಹಲಗಿ ಅಲ್ರಿ" ಅಂದರೆ ಮತ್ತೆ ಮಾಡಿ.

ಯಾರದ್ದು ಈ ಸದ್ದು?

ಇಲ್ಲಿ ಅವಸರ ಮಾಡಬೇಡಿ. ಮೆರವಣಿಗೆಗೆ ಹಲಗಿಯವರನ್ನು ಕರೆದು, ಬಾರಿಸಿಕೊಂಡು, ಹೆಸರು ಕೂಡ ಕೇಳದೆ ಕಳಿಸುವುದು ನಮ್ಮ ಕಡೆ ಇನ್ನೂ ಇದೆ. ಆ ಅನ್ಯಾಯವನ್ನು ನಾವು ಇಂಟರ್ನೆಟ್‌ಗೂ ಒಯ್ಯಬಾರದು. ಬಾರಿಸಿದವರಿಗೆ ಅವರ ದಿನದ ಸಂಭಾವನೆ ಕೊಡಿ. ನಾವು ಪುಕ್ಕಟೆ ಹಂಚುತ್ತೇವೆ ಅಂದ ಮಾತ್ರಕ್ಕೆ ಅವರು ಪುಕ್ಕಟೆ ಬಾರಿಸಬೇಕಿಲ್ಲ. ಕಿಟ್ಟಿನಲ್ಲಿ ಅವರ ಹೆಸರು ಮೊದಲು ಬರಲಿ, ರೆಕಾರ್ಡ್ ಮಾಡಿದ ನಿಮ್ಮ ಹೆಸರು ಆಮೇಲೆ.

ಲೈಸೆನ್ಸ್ ವಿಷಯ ಹೀಗಿದೆ. ನಮ್ಮ ಕೆಲಸವನ್ನು ಬೇರೆಯವರು ಹೇಗೆ ಬಳಸಬಹುದು ಎಂದು ಮೊದಲೇ ಹೇಳಿಡುವ ಸಿದ್ಧ ಲೈಸೆನ್ಸುಗಳಿಗೆ ಕ್ರಿಯೇಟಿವ್ ಕಾಮನ್ಸ್ (ಸಿಸಿ) ಅನ್ನುತ್ತಾರೆ. ಅದರಲ್ಲಿ ನಿಮಗೆ ಮುಖ್ಯವಾಗಿ ಬೇಕಾಗುವುದು ಮೂರು. ಸಿಸಿ0 ಅಂದರೆ ಯಾರು ಬೇಕಾದರೂ ಹೇಗೆ ಬೇಕಾದರೂ ಬಳಸಬಹುದು, ಹೆಸರು ಹೇಳಬೇಕೆಂಬ ಷರತ್ತೂ ಇಲ್ಲ. ಸಿಸಿ ಬೈ ಅಂದರೆ ಬಳಸಿದವರು ಹೆಸರು ಹೇಳಲೇಬೇಕು. ಸಿಸಿ ಬೈ ಎನ್‌ಸಿ ಅಂದರೆ ವ್ಯಾಪಾರಕ್ಕೆ ಬಳಸುವಂತಿಲ್ಲ. ಮೂರನೆಯದು ಸುರಕ್ಷಿತ ಅನ್ನಿಸುತ್ತದೆ, ಆದರೆ ವ್ಯಾಪಾರ ಬೇಡ ಅನ್ನುವ ಸದ್ದನ್ನು ಓಪನ್ ಸೋರ್ಸ್ ಸಾಫ್ಟ್‌ವೇರಿನ ಜೊತೆ ಸೇರಿಸಿ ಹಂಚಲು ತೊಡಕಾಗುತ್ತದೆ. ಬಿಡಿ ಬಿಡಿ ಪೆಟ್ಟುಗಳ ಕಿಟ್ಟಿಗೆ ಸಿಸಿ ಬೈ ಒಳ್ಳೆಯದು ಅನ್ನುವುದು ನನ್ನ ಅಭಿಪ್ರಾಯ. ಬಾರಿಸಿದವರ ಹೆಸರು ಕಿಟ್ಟಿನ ಜೊತೆ ಉಳಿಯುತ್ತದೆ.

ಪೂರ್ತಿ ಹಾಡಾದರೆ ಇನ್ನೂ ಎಚ್ಚರ ಬೇಕು. ಭಾರತದ ಕಾಪಿರೈಟ್ ಕಾಯ್ದೆ 1957ರ ಪ್ರಕಾರ ಸಾಹಿತ್ಯದ ಹಕ್ಕು ಬರೆದವರು ತೀರಿಕೊಂಡ ಮೇಲೂ 60 ವರ್ಷ ಇರುತ್ತದೆ. ಬಸವಕಲ್ಯಾಣದ ಶರಣರ ವಚನಗಳಿಗೆ, ಜೇವರ್ಗಿ ಸೀಮೆಯ ಕಡಕೋಳ ಮಡಿವಾಳಪ್ಪನವರ ತತ್ವಪದಗಳಿಗೆ ಈ ಅಡ್ಡಿ ಇಲ್ಲ. ಅವೆಲ್ಲ ಬಹಳ ಹಿಂದಿನವು. ಆದರೆ ಈಗಿನವರು ಹಾಕಿದ ಧಾಟಿಗೆ ಹಕ್ಕಿದೆ. ಕ್ಯಾಸೆಟ್ ಕಂಪನಿಯ ರೆಕಾರ್ಡಿಂಗ್‌ಗೆ ಬಿಡುಗಡೆಯಿಂದ 60 ವರ್ಷ ಹಕ್ಕಿದೆ. ನಿಮ್ಮೆದುರು ಕೂತು ಹಾಡಿದವರಿಗೂ ಕಲಾವಿದರ ಹಕ್ಕು 50 ವರ್ಷ ಇದೆ. ಪದ ಹಳೆಯದಾದರೂ ದನಿ ಅವರದೇ.

ಒಪ್ಪಿಗೆ ಕೇಳುವಾಗ ಅವರ ಮಾತಿನಲ್ಲೇ ಕೇಳಿ: "ಮುತ್ಯಾ, ಇದು ಒಮ್ಮಿ ಇಂಟರ್ನೆಟ್‌ದಾಗ ಹಾಕಿದ್ರ ವಾಪಸ್ ತಗೊಳ್ಳಾಕ ಬರಲ್ರಿ. ಯಾರ್ ಬೇಕಾದ್ರೂ ಕೇಳ್ತಾರ, ತಮ್ಮ ಹಾಡಿನ್ಯಾಗ ಸೇರಿಸ್ಕೊಂಡು ಮಾರಬಹುದು. ನಡೀತದೇನ್ರಿ? ನಿಮ್ಮ ಹೆಸರು ಹೆಂಗ ಬರೀಬೇಕ್ರಿ?" ಈ ಮಾತನ್ನೂ ಅವರ ಉತ್ತರವನ್ನೂ ರೆಕಾರ್ಡ್ ಮಾಡಿಟ್ಟುಕೊಳ್ಳಿ. ಕ್ರಿಯೇಟಿವ್ ಕಾಮನ್ಸ್ ಲೈಸೆನ್ಸ್ ಕೊಟ್ಟ ಮೇಲೆ ಹಿಂದೆ ಪಡೆಯಲು ಆಗುವುದಿಲ್ಲ, ಅದು ನಿಜ. ಅವರು ಬೇಡ ಅಂದರೆ ಬೇಡ. ಮನೆಯವರಿಗೆ ಒಂದು ಪ್ರತಿ ಕೊಟ್ಟು ಬನ್ನಿ.

ಎಲ್ಲಿ ಹಾಕುವುದು? ಸದ್ದುಗಳನ್ನು ಹಂಚಿಕೊಳ್ಳುವ ಫ್ರೀಸೌಂಡ್ ಅನ್ನುವ ತಾಣ ಒಳ್ಳೆಯ ಜಾಗ. ಬಾರ್ಸಿಲೋನಾದ ಪೊಂಪೆವು ಫಾಬ್ರಾ ವಿಶ್ವವಿದ್ಯಾಲಯದ ಸಂಗೀತ ತಂತ್ರಜ್ಞಾನ ಗುಂಪು ಅದನ್ನು 2005ರಲ್ಲಿ ಶುರು ಮಾಡಿತು. ಅದೇ ಗುಂಪು ಹಿಂದೂಸ್ತಾನಿ ಮತ್ತು ಕರ್ನಾಟಕ ಸಂಗೀತದ ಮೇಲೂ ದೊಡ್ಡ ಸಂಶೋಧನೆ ಮಾಡಿ ರೆಕಾರ್ಡಿಂಗ್ ಸಂಗ್ರಹಗಳನ್ನು ತೆರೆದಿಟ್ಟಿದೆ. ಶಾಸ್ತ್ರೀಯ ಸಂಗೀತಕ್ಕೆ ಸಿಕ್ಕ ಆ ಗಮನ ಮಠದ ಕಟ್ಟೆಯ ಭಜನೆಗೂ ಸಿಗಬೇಕು. ಫೈಲ್ ಹಾಕುವಾಗ ವಾದ್ಯದ ಹೆಸರನ್ನು ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆಯಿರಿ. ಊರು, ಚರ್ಮ ಯಾವುದು, ಯಾವ ಫೋನಿನಲ್ಲಿ ರೆಕಾರ್ಡ್ ಆಯಿತು ಎಂಬುದನ್ನೂ ಸೇರಿಸಿ. ಸ್ವಯಂಸೇವಕರು ಕೇಳಿ ನೋಡಿದ ಮೇಲೆ ಅದು ಎಲ್ಲರಿಗೂ ಕಾಣುತ್ತದೆ.

ತೊಂದರೆ ಹೇಳುವುದೂ ಕೆಲಸವೇ

ಸಾಫ್ಟ್‌ವೇರಿನ ತೊಂದರೆಗಳನ್ನು ಅದನ್ನು ಬರೆಯುವವರ ತಾಣದಲ್ಲಿ ಹಾಕಬಹುದು. ಅಲ್ಲಿ "ಆಡಾಸಿಟಿ ನಡೆಯುತ್ತಿಲ್ಲ" ಎಂದು ಬರೆದರೆ ಯಾರೂ ಏನೂ ಮಾಡಲು ಆಗುವುದಿಲ್ಲ. ಹೀಗೆ ಬರೆಯಿರಿ: ಸಾಫ್ಟ್‌ವೇರಿನ ಆವೃತ್ತಿ ಇಷ್ಟು, ವಿಂಡೋಸ್ ಆವೃತ್ತಿ ಇಷ್ಟು. ಹೊಸ ಲೇಬಲ್ ಟ್ರ್ಯಾಕ್ ತೆರೆದೆ. ಕನ್ನಡದಲ್ಲಿ "ಪಲ್ಲವಿ" ಎಂದು ಟೈಪ್ ಮಾಡಿದೆ. ಒತ್ತಕ್ಷರ ಕೆಳಗೆ ಬರಬೇಕಿತ್ತು, ಪಕ್ಕಕ್ಕೆ ಬಂತು. ಪ್ರತಿ ಸಲವೂ ಹೀಗೆ ಆಗುತ್ತದೆ, ಚಿತ್ರ ಜೊತೆಗಿದೆ. ಇಷ್ಟಿದ್ದರೆ ಜರ್ಮನಿಯಲ್ಲಿ ಕೂತವರೂ ತಮ್ಮ ಕಂಪ್ಯೂಟರಿನಲ್ಲಿ ಅದೇ ತಪ್ಪನ್ನು ಮಾಡಿ ನೋಡಬಹುದು. ಹಾಕುವ ಮುಂಚೆ ಅದೇ ತೊಂದರೆ ಬೇರೆಯವರು ಹೇಳಿದ್ದಾರಾ ಎಂದು ಹುಡುಕಿ. ಇದ್ದರೆ ಅಲ್ಲೇ ನಿಮ್ಮ ವಿವರ ಸೇರಿಸಿ. ಇಂಗ್ಲಿಷ್ ಸರಳವಾಗಿದ್ದರೆ ಸಾಕು, ವ್ಯಾಕರಣ ಯಾರೂ ನೋಡುವುದಿಲ್ಲ.

ಕನ್ನಡ ಅಕ್ಷರ ಸರಿಯಾಗಿ ಮೂಡುತ್ತದೆಯೇ ಎಂದು ಪರೀಕ್ಷಿಸುವವರು ಬಹಳ ಕಡಿಮೆ. ಫೈಲಿಗೆ ಕನ್ನಡ ಹೆಸರಿಟ್ಟು ಉಳಿಸಿ ನೋಡಿ, ಮ್ಯೂಸ್‌ಸ್ಕೋರ್‌ನಲ್ಲಿ ಸ್ವರದ ಕೆಳಗೆ ಕನ್ನಡ ಸಾಹಿತ್ಯ ಬರೆದು ಪಿಡಿಎಫ್ ತೆಗೆದು ನೋಡಿ.

ಅನುವಾದವೂ ಹೀಗೆಯೇ. ವೆಬ್ಲೇಟ್, ಟ್ರಾನ್ಸಿಫೆಕ್ಸ್ ಥರದ ತಾಣಗಳಲ್ಲಿ ಒಂದೊಂದೇ ಸಾಲು ಕನ್ನಡಕ್ಕೆ ತರಬಹುದು. ಜನ ದಿನಾ ಒತ್ತುವ ಮೆನುಗಳಿಂದ ಶುರು ಮಾಡಿ. ರೆಕಾರ್ಡ್, ಟ್ರ್ಯಾಕ್, ಮ್ಯೂಟ್ ಇವನ್ನೆಲ್ಲ ಹಾಗೇ ಬಿಡಿ, ಭಜನಾ ತಂಡದವರೂ ಹಾಗೇ ಅನ್ನುತ್ತಾರೆ. ಸಾಲಿನ ನಡುವೆ ಶೇಕಡಾ ಚಿಹ್ನೆ ಹತ್ತಿದ ಅಕ್ಷರವಿದ್ದರೆ ಅಳಿಸಬೇಡಿ, ಅಲ್ಲಿಗೆ ಸಾಫ್ಟ್‌ವೇರ್ ತಾನಾಗಿ ಸಂಖ್ಯೆಯನ್ನೋ ಹೆಸರನ್ನೋ ತುಂಬುತ್ತದೆ.

ದೂರದವರ ಜೊತೆ ಕೂಡಿ ಹಾಡುವುದು

ಸುಲಭದ ದಾರಿ ಫೈಲ್ ಅದಲುಬದಲು. ಯಾದಗಿರಿಯವರು ತಬಲಾ ಹಾಕುತ್ತಾರೆ, ಬೀದರಿನವರು ಅದರ ಮೇಲೆ ಪೇಟಿ ಬಾರಿಸುತ್ತಾರೆ, ಬೆಂಗಳೂರಿಗೆ ಕೆಲಸಕ್ಕೆ ಹೋದ ಗೆಳೆಯ ಹಾಡುತ್ತಾನೆ. ಮೊದಲೇ ಮೂರು ವಿಷಯ ಗಟ್ಟಿ ಮಾಡಿಕೊಳ್ಳಿ: ಶ್ರುತಿ, ಲಯ, ಸ್ಯಾಂಪಲ್ ರೇಟ್. "ಕರಿ ಒಂದು, ನಿಮಿಷಕ್ಕೆ 92 ಮಾತ್ರೆ, 48,000 ಹರ್ಟ್ಸ್" ಎಂದು ಫೈಲಿನ ಹೆಸರಿನಲ್ಲೇ ಬರೆಯಿರಿ. ಹಳೆಯ ಪೇಟಿಯ ಶ್ರುತಿ ಕಂಪ್ಯೂಟರಿನ ಶ್ರುತಿಗೆ ಹೊಂದದೇ ಇರಬಹುದು. ಹಾಗಿದ್ದರೆ ಪೇಟಿಯನ್ನೇ ಮೊದಲು ರೆಕಾರ್ಡ್ ಮಾಡಿ ಉಳಿದವರು ಅದಕ್ಕೆ ಹೊಂದಿಕೊಳ್ಳಲಿ. ಎಲ್ಲರ ಫೈಲೂ ಸೊನ್ನೆಯಿಂದ ಶುರುವಾಗಬೇಕು, ನಡುವೆ ಮೌನವಿದ್ದರೂ ಕತ್ತರಿಸಬೇಡಿ. ಇದೊಂದು ಪಾಲಿಸಿದರೆ ಜೋಡಿಸುವವರ ಅರ್ಧ ಕೆಲಸ ಕಡಿಮೆಯಾಗುತ್ತದೆ.

ಒಂದೇ ಹೊತ್ತಿಗೆ ಇಂಟರ್ನೆಟ್ ಮೇಲೆ ಕೂಡಿ ಹಾಡಬೇಕಾದರೆ ಜಾಮುಲಸ್ ಅನ್ನುವ ಸಾಫ್ಟ್‌ವೇರ್ ಇದೆ. ಇಲ್ಲಿ ದೊಡ್ಡ ವೈರಿ ತಡ, ಅಂದರೆ ಒಬ್ಬರ ಸದ್ದು ಇನ್ನೊಬ್ಬರಿಗೆ ತಲುಪಲು ಹಿಡಿಯುವ ಹೊತ್ತು. ಗಾಳಿಯಲ್ಲಿ ಸದ್ದು ಒಂದು ಮಿಲಿಸೆಕೆಂಡಿಗೆ ಸುಮಾರು 34 ಸೆಂಟಿಮೀಟರ್ ಹೋಗುತ್ತದೆ. ಅಂದರೆ 30 ಮಿಲಿಸೆಕೆಂಡ್ ತಡ ಆದರೆ ತಬಲಾದವರು ಹತ್ತು ಮೀಟರ್ ದೂರ ಕೂತ ಲೆಕ್ಕ. ಅದಕ್ಕಿಂತ ಹೆಚ್ಚಾದರೆ ಒಬ್ಬರಿಗೊಬ್ಬರು ಕಾಯುತ್ತಾ ಲಯ ಎಳೆದುಹೋಗುತ್ತದೆ. ಬ್ಲೂಟೂತ್ ಇಯರ್‌ಫೋನ್ ಬೇಡವೇ ಬೇಡ, ಅದೊಂದೇ ನೂರು ಮಿಲಿಸೆಕೆಂಡ್ ದಾಟಿಸಬಹುದು. ತಂತಿಯ ಇಯರ್‌ಫೋನ್ ಹಾಕಿ. ವೈಫೈ ಬಿಟ್ಟು ರೌಟರಿಗೆ ನೇರ ಕೇಬಲ್ ಹಾಕಿ. ವಿಂಡೋಸ್‌ನಲ್ಲಿ ಸದ್ದಿನ ತಡ ಕಡಿಮೆ ಮಾಡುವ ಅಸಿಯೋ ಡ್ರೈವರ್ ಬೇಕು. ಹತ್ತಿರದ ಸರ್ವರ್ ಆರಿಸಿ. ಪರದೆಯ ಮೇಲಿನ ತಡದ ದೀಪ ಹಸಿರಾಗಿದ್ದರೆ ನಡೆಯಲಿ, ಕೆಂಪಾಗಿದ್ದರೆ ಆ ದಿನ ಫೈಲ್ ಅದಲುಬದಲೇ ವಾಸಿ. ಫೋನಿನ ಹಾಟ್‌ಸ್ಪಾಟಿನಲ್ಲಿ ಬಹಳ ಸಲ ಕೆಂಪೇ.

ನೆಟ್ ನಿಧಾನವಿರುವ ಊರಿಗೆ ನಿಂಜಾಮ್ ವಿಧಾನ ನನಗೆ ಬಹಳ ಇಷ್ಟ. ಜಾಮ್‌ಟಾಬಾ ಅದನ್ನು ಬಳಸುವ ಓಪನ್ ಸೋರ್ಸ್ ಸಾಫ್ಟ್‌ವೇರ್. ಅದು ತಡದ ಜೊತೆ ಜಗಳವಾಡುವುದಿಲ್ಲ, ತಡವನ್ನು ಒಂದು ಪೂರ್ತಿ ಆವರ್ತನಕ್ಕೆ ಹಿಗ್ಗಿಸುತ್ತದೆ. ಈ ಆವರ್ತನದಲ್ಲಿ ನೀವು ಬಾರಿಸಿದ್ದು ಉಳಿದವರಿಗೆ ಮುಂದಿನ ಆವರ್ತನದಲ್ಲಿ ಕೇಳುತ್ತದೆ, ಸಮಕ್ಕೆ ಸಮ ಕೂಡಿ. ಪಾಶ್ಚಾತ್ಯ ಹಾಡಿನಲ್ಲಿ ಕಾರ್ಡ್ (ಒಟ್ಟಿಗೆ ನುಡಿಸುವ ಸ್ವರಗಳ ಗುಂಪು) ಬದಲಾಗುತ್ತಾ ಹೋದರೆ ಇದು ಕಷ್ಟ. ನಮ್ಮ ತಾಳ ಸುತ್ತಿ ಸುತ್ತಿ ಬರುವುದರಿಂದ ಸರಿಯಾಗಿ ಕೂರುತ್ತದೆ. ತೀನ್‌ತಾಲ್‌ಗೆ 16 ಬೀಟ್, ಭಜನೆಯ ಕೆಹರವಾಕ್ಕೆ 8 ಅಥವಾ 16 ಇಟ್ಟು ನೋಡಿ. ಆಲಾಪಕ್ಕೆ ಮಾತ್ರ ಇದು ಒಗ್ಗುವುದಿಲ್ಲ.

ಕೋಡ್ ಬರೆಯುವವರಿಗೆ

ಕಲಬುರಗಿ, ಬೀದರಿನ ಎಂಜಿನಿಯರಿಂಗ್ ಕಾಲೇಜಿನ ಹುಡುಗ ಹುಡುಗಿಯರಿಗೆ ಒಂದು ಮಾತು. ಕೊನೆಯ ವರ್ಷದ ಪ್ರಾಜೆಕ್ಟ್ ಅಂತ ಯಾರೂ ಬಳಸದ ಸಾಫ್ಟ್‌ವೇರ್ ಬರೆಯುವ ಬದಲು ಲಕ್ಷಾಂತರ ಜನ ಬಳಸುವುದರಲ್ಲಿ ಒಂದು ತಪ್ಪು ತಿದ್ದಿ. ಆಡಾಸಿಟಿ, ಎಲ್‌ಎಂಎಂಎಸ್, ಹೈಡ್ರೋಜನ್, ಜಾಮುಲಸ್ ಎಲ್ಲ ಸಿ++ ಭಾಷೆಯಲ್ಲಿವೆ, ಕೋಡ್ ಹಂಚುವ ಗಿಟ್‌ಹಬ್ ತಾಣದಲ್ಲಿ ಸಿಗುತ್ತವೆ. ಮೊದಲ ಗುರಿ ಕೋಡ್ ಇಳಿಸಿ ನಿಮ್ಮ ಯಂತ್ರದಲ್ಲಿ ಬಿಲ್ಡ್ ಮಾಡುವುದಷ್ಟೇ, ಅಂದರೆ ಕೋಡಿನಿಂದ ಓಡುವ ಸಾಫ್ಟ್‌ವೇರ್ ತಯಾರಿಸುವುದು. ಲಿನಕ್ಸ್‌ನಲ್ಲಿ ಇದು ಸುಲಭ. ಬಿಲ್ಡ್ ಸೂಚನೆಯಲ್ಲಿ ಏನಾದರೂ ಹಳತಾಗಿದ್ದರೆ ಅದನ್ನು ತಿದ್ದಿ ಕಳಿಸಿ, ಅದೇ ನಿಮ್ಮ ಮೊದಲ ಪುಲ್ ರಿಕ್ವೆಸ್ಟ್ (ನನ್ನ ತಿದ್ದುಪಡಿ ಸೇರಿಸಿಕೊಳ್ಳಿ ಅನ್ನುವ ಕೋರಿಕೆ) ಆಗಲಿ. ಆಮೇಲೆ ಹೊಸಬರಿಗೆಂದು ಗುರುತು ಹಾಕಿದ ಸಣ್ಣ ಇಶ್ಯೂ (ದಾಖಲಾದ ತೊಂದರೆ) ಒಂದನ್ನು ಹಿಡಿಯಿರಿ. ಒಂದು ಪುಲ್ ರಿಕ್ವೆಸ್ಟಿಗೆ ಒಂದೇ ಬದಲಾವಣೆ. ಆಡಾಸಿಟಿಯಂಥ ಕೆಲವು ಯೋಜನೆಗಳು ಕೊಡುಗೆದಾರರ ಒಪ್ಪಂದಕ್ಕೆ ಸಹಿ ಕೇಳುತ್ತವೆ, ಓದಿ ಸಹಿ ಮಾಡಿ.

ಕಳಿಸಿದ ಮೇಲೆ ಕಾಯಬೇಕು. ಅಲ್ಲಿ ನೋಡುವವರಲ್ಲಿ ಹಲವರು ತಮ್ಮ ಕೆಲಸ ಮುಗಿಸಿ ರಾತ್ರಿ ಕೂರುವವರು. ಎರಡು ವಾರ ಉತ್ತರ ಬರದಿದ್ದರೆ ಒಮ್ಮೆ ನಯವಾಗಿ ನೆನಪಿಸಿ. "ಇದನ್ನು ಹೀಗೆ ಬದಲಿಸಿ" ಎಂದು ಹತ್ತು ಟಿಪ್ಪಣಿ ಬಂದರೆ ಬೇಜಾರಾಗಬೇಡಿ, ನಿಮ್ಮ ಕೋಡನ್ನು ಅವರು ಸಾಲು ಸಾಲಾಗಿ ಓದಿದ್ದಾರೆ ಎಂದರ್ಥ. ತಿದ್ದಿ, ಅದೇ ಬ್ರ್ಯಾಂಚಿಗೆ (ನೀವು ಕೆಲಸ ಮಾಡಿದ ಕೋಡಿನ ಕವಲಿಗೆ) ಮತ್ತೆ ಕಳಿಸಿ. ಕಾಯುವ ಹೊತ್ತಿನಲ್ಲಿ ಇನ್ನೊಬ್ಬ ಹೊಸಬರು ಹಾಕಿದ ಬಗ್ ನಿಮ್ಮ ಯಂತ್ರದಲ್ಲೂ ಆಗುತ್ತದೆಯೇ ಎಂದು ಪರೀಕ್ಷಿಸಿ ಬರೆಯಿರಿ. ಅರ್ಧ ಗಂಟೆಯ ಕೆಲಸ, ಆದರೆ ತಿದ್ದಲು ಕೂರುವವರಿಗೆ ಅದು ಬಹಳ ನೆರವಾಗುತ್ತದೆ.